ಸಾಕ್ಷಿ ಹೇಳಿ ಅಂದರು, ವಾಸಿಯಾಗಿಲ್ಲ ಅಂದೆ

ಪ್ರಶ್ನೆ: ಬಾಳ್ಳುಪೇಟೆ ಟೈಲರಮ್ಮ

ಎಲ್ಲರಿಗೂ ವಂದನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಹಾಸನದಲ್ಲಿ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಬರೆಯುತ್ತಿದ್ದೇನೆ. ಒಳಗೆ ನಮ್ಮ ಯಜಮಾನರಿಗೆ ಡಯಾಲಿಸಿಸ್ ನಡೆಯುತ್ತಿದೆ. ಇನ್ನೂ ಎರಡೂವರೆ ಗಂಟೆ ಇದೆ.

ಇವರು ಪಿಕಪ್ ಓಡಿಸುತ್ತಿದ್ದರು. ಶುಂಠಿ, ಮೆಣಸು, ಕಾಫಿ ಮೂಟೆ, ಏನು ಸಿಕ್ಕಿದರೆ ಅದು. ಬಿಪಿ ಇದೆ ಅಂತ ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದರು. ಸ್ವಲ್ಪ ದಿನ ತಗೊಂಡು, ತಲೆನೋವು ನಿಂತಿತು ಅಂತ ಬಿಟ್ಟರು. ನಾನೂ ಜೋರು ಮಾಡಲಿಲ್ಲ. ಕಾಲು ಊದಿಕೊಂಡು ಆಸ್ಪತ್ರೆಗೆ ಹೋದಾಗ ಎರಡೂ ಕಿಡ್ನಿ ಮುಗಿದಿತ್ತು. ಈಗ ಎರಡು ವರ್ಷ ಆಯಿತು. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಆರು ಗಂಟೆ ಬಸ್ಸು. ನಾಲ್ಕು ಗಂಟೆ ಮಿಷನ್. ವಾಪಸ್ ಬರುವಾಗ ಇವರು ಕಿಟಕಿಗೆ ತಲೆ ಇಟ್ಟು ಮಲಗಿಬಿಡುತ್ತಾರೆ. ಆಲೂರು ದಾಟಿದ್ದೂ ಗೊತ್ತಾಗುವುದಿಲ್ಲ. ನಾನು ಮನೆಗೆ ಹೋಗಿ ಜಾಕೀಟು ಹೊಲಿಯಲು ಕೂರುತ್ತೇನೆ.

ದಿನಕ್ಕೆ ಕುಡಿಯುವುದೆಲ್ಲ ಸೇರಿ 750 ಎಂಎಲ್ ದಾಟಬಾರದು. ಟೀ, ಸಾರು, ಮಜ್ಜಿಗೆ, ಮಾತ್ರೆ ನುಂಗುವ ನೀರು ಎಲ್ಲ ಅದರೊಳಗೇ. ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ತಿಂಗಳಿಗೊಮ್ಮೆ ಯೇಸುವಿನ ಕೊನೇ ಊಟದ ನೆನಪಿಗೆ ಕರ್ತನ ಭೋಜನ ಇರುತ್ತದೆ. ಸಣ್ಣ ಪ್ಲಾಸ್ಟಿಕ್ ಲೋಟದಲ್ಲಿ ದ್ರಾಕ್ಷಾರಸ ಕೊಡುತ್ತಾರೆ. ಇವರು ಅದನ್ನು ಕುಡಿದು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ, ಆಮೇಲೆ ನನ್ನ ಕಿವಿಯಲ್ಲಿ 'ಹದಿನೈದು ಎಂಎಲ್ ಬರ್ಕೋ' ಅನ್ನುತ್ತಾರೆ. ಮೊದಲ ಸಲ ನನಗೆ ನಗು ತಡೆಯಲಾಗಲಿಲ್ಲ. ಹಿಂದೆ ಕೂತಿದ್ದ ಅಜ್ಜಿ, ನನಗೆ ಪವಿತ್ರಾತ್ಮ ಬಂತು ಅಂದುಕೊಂಡರು.

ಈಗ ವಿಷಯಕ್ಕೆ ಬರುತ್ತೇನೆ. ನಾನು ಹುಟ್ಟಿ ಬೆಳೆದದ್ದು ಹಳೇ ಸಭೆಯಲ್ಲಿ. ಅಲ್ಲಿ ಅಯ್ಯನವರು ಪುಸ್ತಕ ನೋಡಿ ಪ್ರಾರ್ಥನೆ ಓದುತ್ತಿದ್ದರು, ನಾವು ಆಮೆನ್ ಅನ್ನುತ್ತಿದ್ದೆವು, ಅಷ್ಟೇ. ಮದುವೆಯಾದ ಮೇಲೆ ಈ ಸಣ್ಣ ಸಭೆ. ಶೀಟು ಹೊದಿಸಿದ ಒಂದು ಹಾಲ್, ಮೂವತ್ತು ಮನೆಯವರು ಇರಬಹುದು. ಮಳೆಗಾಲದಲ್ಲಿ ಪ್ರಸಂಗ ಒಂದಕ್ಷರ ಕೇಳಿಸುವುದಿಲ್ಲ. ಆದರೂ ನನಗೆ ಇಷ್ಟವಾಗಿತ್ತು. ಇಲ್ಲಿ ಜನ ಒಬ್ಬರಿಗೊಬ್ಬರು ಆಗುತ್ತಿದ್ದರು.

ಫೆಬ್ರವರಿಯಲ್ಲಿ ಮೂರು ದಿನ ಉಪವಾಸ ಪ್ರಾರ್ಥನೆ ಇತ್ತು. ಶುಕ್ರ, ಶನಿ, ಭಾನು. ಹೊರಗಿನಿಂದ ಒಬ್ಬರು ಬಂದು ಇವರ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಬಿಡುಗಡೆ ಆಯಿತು, ಇನ್ನು ಮಿಷನ್ ಬೇಡ, ನಂಬಿಕೆಯಿಂದ ಹೆಜ್ಜೆ ಇಡಿ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾವು ಶನಿವಾರದ ಡಯಾಲಿಸಿಸ್‌ಗೆ ಹೋಗಲಿಲ್ಲ.

ಒಂದು ಮಾತು. ಅವರೊಬ್ಬರ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದಕ್ಕೆ ನನಗೆ ಮನಸ್ಸಿಲ್ಲ. ಆವತ್ತು ನಮಗೂ ಆಸೆ ಆಗಿತ್ತು. ಶನಿವಾರ ಬೆಳಿಗ್ಗೆ ಆರು ಗಂಟೆಗೆ ಬಸ್ಸು ಹೋದ ಸದ್ದು ಕೇಳಿಸಿತು. ನಾವಿಬ್ಬರೂ ಹಾಸಿಗೆಯಲ್ಲೇ ಇದ್ದೆವು. ಎರಡು ವರ್ಷದಲ್ಲಿ ಅಂಥ ಬೆಳಗು ನೋಡಿರಲಿಲ್ಲ.

ಭಾನುವಾರ ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ಎದ್ದು ಕೂತರೆ ಗೊರ ಗೊರ. ಒಂದು ಗಂಟೆಗೆ 108ಕ್ಕೆ ಫೋನ್ ಮಾಡಿದೆವು. ಶ್ವಾಸಕೋಶಕ್ಕೆ ನೀರು ತುಂಬಿದೆ ಅಂದರು. ರಾತ್ರೋರಾತ್ರಿ ಮಿಷನ್‌ಗೆ ಹಾಕಿ ಮೂರೂವರೆ ಲೀಟರ್ ತೆಗೆದರು. ಉಳಿದರು.

ಆಮೇಲೆ ಸಭೆಯ ಹಿರಿಯರೊಬ್ಬರು ಮನೆಗೆ ಬಂದು, 'ಅರ್ಧ ದಾರಿಯಲ್ಲಿ ಹೆದರಿ ಆಸ್ಪತ್ರೆಗೆ ಓಡಿದಿರಿ, ಇಲ್ಲದಿದ್ದರೆ ಪೂರ್ತಿ ಆಗುತ್ತಿತ್ತು' ಅಂದರು. ಪೂರ್ತಿ ಏನಾಗುತ್ತಿತ್ತು ಅಂತ ಕೇಳಬೇಕು ಅನಿಸಿತು. ಟೀ ಕೊಟ್ಟು ಕಳಿಸಿದೆ.

ನಮ್ಮ ಪಾಸ್ಟರ್ ಮಾತ್ರ ಏನೂ ಅನ್ನಲಿಲ್ಲ. ಆ ರಾತ್ರಿ ಬೈಕಿನಲ್ಲಿ ಹಾಸನಕ್ಕೆ ಬಂದು ವಾರ್ಡಿನ ಹೊರಗೆ ಬೆಳಗಿನವರೆಗೂ ನಿಂತಿದ್ದರು. ಹೋದ ವರ್ಷ ಇವರಿಗೆ ರಕ್ತ ಕಮ್ಮಿಯಾದಾಗ ರಕ್ತ ಕೊಟ್ಟಿದ್ದೂ ಅವರೇ. ಆದರೆ ಮೂರು ದಿನದ ಕೂಟ ಇಟ್ಟಿದ್ದೂ ಅವರೇ, ಆ ಮನುಷ್ಯನನ್ನು ಕರೆಸಿದ್ದೂ ಅವರೇ. ಹಾಗಾಗಿ ಕೋಪ ಮಾಡಿಕೊಳ್ಳುವುದಕ್ಕೂ ಸರಿಯಾಗಿ ಆಗುತ್ತಿಲ್ಲ ನನಗೆ.

ಕಳೆದ ತಿಂಗಳ ಕೊನೇ ಭಾನುವಾರ ಸಾಕ್ಷಿ ಹೇಳುವ ದಿನ, ಅಂದರೆ ದೇವರು ತಮಗೆ ಮಾಡಿದ ಒಳ್ಳೆಯದನ್ನು ಎಲ್ಲರ ಎದುರು ಹೇಳುವ ದಿನ. ಒಬ್ಬರಿಗೆ ಕಳೆದುಹೋದ ಎಟಿಎಂ ಕಾರ್ಡ್ ಸಿಕ್ಕಿತ್ತು. ಒಬ್ಬರ ಶುಗರ್ 300ರಿಂದ 140ಕ್ಕೆ ಇಳಿದಿತ್ತು. ಒಬ್ಬರ ಮಗನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿತ್ತು. ಒಂದೊಂದಕ್ಕೂ ಹಲ್ಲೆಲೂಯ, ಒಂದೊಂದಕ್ಕೂ ಅರ್ಧ ಹಾಡು. ಆಮೇಲೆ ಮೈಕು ನನ್ನ ಕೈಗೆ ಬಂತು. ನಾನು ಸುಮ್ನೆ ಇದ್ದದ್ದನ್ನು ಹೇಳಿದೆ. 'ಇವರಿಗೆ ವಾಸಿಯಾಗಿಲ್ಲ. ವಾರಕ್ಕೆ ಮೂರು ಸಲ ಹೋಗುತ್ತಿದ್ದೇವೆ. ನನಗೆ ಸುಸ್ತಾಗಿದೆ.' ನಾಲ್ಕನೇ ಮಾತು ಬಾಯಲ್ಲೇ ಇತ್ತು, ಕೀಬೋರ್ಡ್ ಹುಡುಗ ಹಾಡು ಶುರು ಮಾಡಿಬಿಟ್ಟ. ಅವನ ತಪ್ಪಲ್ಲ, ಅವನಿಗೆ ಅಭ್ಯಾಸ. ಆ ಹಿರಿಯರು ಎದ್ದು ಬಂದು ಮೈಕು ತಗೊಂಡು, 'ಅಕ್ಕ ನಂಬಿಕೆಯಿಂದ ಮಾತಾಡಬೇಕು, ವಾಸಿಯಾಗಿದೆ ಅಂತಲೇ ಬಾಯಿಂದ ಅರಿಕೆ ಮಾಡಬೇಕು' ಅಂದರು.

ಅವತ್ತಿನಿಂದ ಹೋಗಿಲ್ಲ. ನಾಲ್ಕು ಭಾನುವಾರ ಆಯಿತು. ಇವರು 'ಹೋಗೋಣ, ಏನಂತೆ' ಅನ್ನುತ್ತಾರೆ. ನನಗೆ ಕಾಲು ಬರುತ್ತಿಲ್ಲ.

ನನ್ನ ಪ್ರಶ್ನೆ ಇಷ್ಟೇ. ವಾಸಿಯಾಗದವರಿಗೆ ಸಾಕ್ಷಿ ಅನ್ನುವುದು ಇದೆಯಾ? ಇದ್ದರೆ ಮೈಕಿನಲ್ಲಿ ಏನು ಹೇಳಬೇಕು? ಸುಳ್ಳು ಹೇಳದೆ ಆ ಹಾಲಿನಲ್ಲಿ ಕೂರುವುದು ಹೇಗೆ? ದಯವಿಟ್ಟು 'ದೇವರು ತಕ್ಕ ಕಾಲದಲ್ಲಿ ಮಾಡುತ್ತಾನೆ' ಅಂತ ಮಾತ್ರ ಬರೆಯಬೇಡಿ. ಅದನ್ನು ನಮ್ಮ ಮನೆ ಕ್ಯಾಲೆಂಡರಿನಲ್ಲೇ ಹಾಕಿದ್ದಾರೆ.

ಉತ್ತರ 1: ಸುಮ್ನೆ ಒಬ್ಬ

ಸಭೆ ಬದಲಾಯಿಸಿ. ಮುಗೀತು.

ಉತ್ತರ 2: ಶೆಟ್ಟಿಹಳ್ಳಿ ಮೊಮ್ಮಗ

ಅಕ್ಕ, ನಾನು ಕಥೋಲಿಕ. ಚಿಕ್ಕಮಗಳೂರಿನಲ್ಲಿ ಮೇಷ್ಟ್ರಾಗಿದ್ದು ರಿಟೈರ್ ಆಗಿದ್ದೇನೆ. ನಮ್ಮಲ್ಲಿ ಮೈಕು ಕೊಟ್ಟು ಸಾಕ್ಷಿ ಕೇಳುವ ರೂಢಿ ಇಲ್ಲ. ಅದರಿಂದ ನಾವು ಪಾರಾದೆವು ಅನ್ನುವ ಹಾಗೂ ಇಲ್ಲ. ನಮ್ಮಲ್ಲಿ ಬೇರೆ ಥರ ಹೇಳುತ್ತಾರೆ. 'ಇದು ನಿಮ್ಮ ಶಿಲುಬೆ, ಹೊರಬೇಕು' ಅನ್ನುತ್ತಾರೆ. ಹೇಳಿದವರು ಹೊರುವುದಿಲ್ಲ, ಕೈ ಬೀಸಿಕೊಂಡು ಮನೆಗೆ ಹೋಗುತ್ತಾರೆ.

ನನ್ನ ಅಜ್ಜಿಯ ವಿಷಯ ಹೇಳುತ್ತೇನೆ. ನೀವು ಹಾಸನದ ಕಡೆಯವರು, ಶೆಟ್ಟಿಹಳ್ಳಿ ಚರ್ಚು ನೋಡಿರುತ್ತೀರಿ. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ನನ್ನ ಅಜ್ಜಿಯ ಮದುವೆ ಆದದ್ದು ಅಲ್ಲೇ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದರು, 1979ಕ್ಕೆ ಮುಗಿಯಿತು. ಊರು ಎದ್ದು ಹೋಯಿತು. ಚರ್ಚು ಅಲ್ಲೇ ಉಳಿಯಿತು. ಈಗ ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಪೂರ್ತಿ ಎದ್ದು ನಿಲ್ಲುತ್ತದೆ. ಸೂರಿಲ್ಲ, ಬರೀ ಗೋಡೆ ಮತ್ತು ಕಮಾನು. ಮದುವೆಗೆ ಮುಂಚಿನ ಫೋಟೋ ತೆಗೆಸಲು ಹುಡುಗ ಹುಡುಗಿಯರು ಕಾರು ಮಾಡಿಕೊಂಡು ಬರುತ್ತಾರೆ. ತೆಗೆಸಿಕೊಳ್ಳಲಿ ಬಿಡಿ, ಚೆಂದ ಬರುತ್ತದೆ.

ಹುಟ್ಟಿದ ವಾರಕ್ಕೇ ತೀರಿಕೊಂಡ ತಮ್ಮ ಒಂದು ಮಗುವನ್ನು ಅಜ್ಜಿ ಆ ಊರಿನಲ್ಲಿ ಮಣ್ಣು ಮಾಡಿದ್ದರು. ನವೆಂಬರ್ 2 ಸತ್ತವರ ಹಬ್ಬ. ಎಲ್ಲರೂ ಸಮಾಧಿ ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತಾರೆ. ಅಜ್ಜಿಗೆ ತೊಳೆಯುವುದಕ್ಕೆ ಸಮಾಧಿ ಇರಲಿಲ್ಲ, ಆ ಹೊತ್ತಿಗೆ ನೀರು ನಿಂತಿರುತ್ತಿತ್ತು. ನನ್ನನ್ನು ಕರೆದುಕೊಂಡು ದಡಕ್ಕೆ ಹೋಗಿ ಅಲ್ಲೇ ಬತ್ತಿ ಹಚ್ಚುತ್ತಿದ್ದರು. ಗಾಳಿಗೆ ಆರುತ್ತಿತ್ತು. ಮತ್ತೆ ಹಚ್ಚುತ್ತಿದ್ದರು. ಒಂದು ಬೆಂಕಿಪೆಟ್ಟಿಗೆ ಖಾಲಿಯಾಗುತ್ತಿತ್ತು.

ಅಜ್ಜಿ ಸಾಯುವವರೆಗೂ ದೇವರು ಒಳ್ಳೆಯದಕ್ಕೇ ಮಾಡಿದ ಅನ್ನಲಿಲ್ಲ. ದೇವರೇ ಇಲ್ಲ ಅಂತಲೂ ಅನ್ನಲಿಲ್ಲ. ಕೇಳಿದರೆ 'ನೀರು ಬಂತು' ಅನ್ನುತ್ತಿದ್ದರು. ಜಪಸರ ಬಿಡಲಿಲ್ಲ. ಭಾನುವಾರದ ಪೂಜೆ ಬಿಡಲಿಲ್ಲ. ಮೈಕಿನಲ್ಲಿ ಹೇಳುವಂಥದ್ದು ಅವರ ಹತ್ತಿರ ಏನೂ ಇರಲಿಲ್ಲ ನೋಡಿ.

ಇನ್ನೊಂದು. ಲೂರ್ದು ಮಾತೆಯ ವಿಷಯ ನೀವು ಕೇಳಿರಬಹುದು. 1858ರಲ್ಲಿ ಫ್ರಾನ್ಸಿನ ಲೂರ್ದಿನಲ್ಲಿ ಬರ್ನಡೆಟ್ ಅನ್ನುವ ಬಡ ಹುಡುಗಿಗೆ ಯೇಸುವಿನ ತಾಯಿ ಮರಿಯ ಮಾತೆಯ ದರ್ಶನ ಆಯಿತು ಅಂತ ನಾವು ನಂಬುತ್ತೇವೆ. ಅಲ್ಲಿನ ಬುಗ್ಗೆಯ ನೀರಿಗಾಗಿ ಇವತ್ತಿಗೂ ಪ್ರತಿ ವರ್ಷ ಲಕ್ಷಾಂತರ ಜನ ಹೋಗುತ್ತಾರೆ. ಇಷ್ಟು ವರ್ಷದಲ್ಲಿ ಪವಾಡ ಅಂತ ಸಭೆ ಅಧಿಕೃತವಾಗಿ ಒಪ್ಪಿಕೊಂಡದ್ದು ಎಪ್ಪತ್ತರ ಆಸುಪಾಸು, ಅಷ್ಟೇ. ಆ ಹುಡುಗಿಗೆ ಚಿಕ್ಕಂದಿನಿಂದ ಆಸ್ತಮಾ. ಆಮೇಲೆ ಮೂಳೆಗೆ ಕ್ಷಯ ತಗಲಿತು. 1879ರಲ್ಲಿ ತೀರಿಕೊಂಡಾಗ 35 ವರ್ಷ. ಆ ನೀರು ತೋರಿಸಿಕೊಟ್ಟವಳಿಗೇ ವಾಸಿಯಾಗಲಿಲ್ಲ. ಆದರೂ ಅವಳನ್ನು ಸಂತಳು ಅಂತ ಕರೆದರು. ನಿಮ್ಮ ಹಿರಿಯರು ಅಲ್ಲಿ ಇದ್ದಿದ್ದರೆ ಅವಳ ಕೈಯಿಂದಲೂ ಮೈಕು ಕಿತ್ತುಕೊಳ್ಳುತ್ತಿದ್ದರೋ ಏನೋ.

ನಮ್ಮಲ್ಲಿ ರೋಗಿಗಳಿಗೆ ಎಣ್ಣೆ ಹಚ್ಚುವ ಸಂಸ್ಕಾರ ಇದೆ. ನಾನು ಹುಡುಗನಾಗಿದ್ದಾಗ ಅದನ್ನು ಕಡೆಯ ಎಣ್ಣೆ ಅಂತಲೇ ಅನ್ನುತ್ತಿದ್ದರು. ಫಾದರ್ ಎಣ್ಣೆ ಡಬ್ಬಿ ಹಿಡಿದುಕೊಂಡು ಬಂದರೆ ಮನೆಯವರು ಅಳಲು ಶುರು, ಪೆಟ್ಟಿಗೆ ಮಾಡುವವನಿಗೆ ಹೇಳಿ ಕಳಿಸುವುದು ಶುರು. 1972ರಲ್ಲಿ ಆರನೇ ಪೌಲ್ ಪೋಪರು ಕ್ರಮ ಬದಲಾಯಿಸಿದರು. ಸಾಯುವವರಿಗೆ ಮಾತ್ರ ಅಲ್ಲ, ದೊಡ್ಡ ಕಾಯಿಲೆ ಇರುವ ಯಾರಿಗೂ ಕೊಡಬಹುದು, ಕಾಯಿಲೆ ಜೋರಾದರೆ ಮತ್ತೆ ಕೊಡಬಹುದು. ನನ್ನ ಹೆಂಡತಿಗೆ ಕ್ಯಾನ್ಸರ್ ಇದ್ದಾಗ ಮೂರು ಸಲ ಹಚ್ಚಿಸಿದೆವು. ವಾಸಿಯಾಗಲಿಲ್ಲ. ಮೂರನೇ ಸಲ ಅವಳು 'ಈ ಫಾದರ್ ಕೈ ಬೆಚ್ಚಗಿದೆ' ಅಂದಳು. ಅದೊಂದು ನನಗೆ ನೆನಪಿದೆ. ನಿಮಗೆ ಇದು ಉತ್ತರವೋ ಅಲ್ಲವೋ ಗೊತ್ತಿಲ್ಲ.

ಉತ್ತರ 3: ಡಯಾಲಿಸಿಸ್ ಸಿಸ್ಟರ್

ದೇವರ ವಿಷಯ ಮೇಷ್ಟ್ರು ಹೇಳಿದ್ದಾರೆ. ನಾನು ಮಿಷನ್ ವಿಷಯ ಹೇಳುತ್ತೇನೆ. ನಾನೂ ಕ್ರೈಸ್ತಳೇ, ಹನ್ನೊಂದು ವರ್ಷದಿಂದ ಇದೇ ಕೆಲಸ. ಊರು ಹಾಸನ ಅಲ್ಲ, ಪಕ್ಕದ್ದು ಅಂದುಕೊಳ್ಳಿ.

ಒಂದು ಸರದಿಯನ್ನೂ ತಪ್ಪಿಸಬೇಡಿ. ಗುರುವಾರ ಮಾಡಿಸಿ ಶನಿವಾರ ಬಿಟ್ಟರೆ ಮುಂದಿನದು ಮಂಗಳವಾರ. ಐದು ದಿನ. ಅಷ್ಟು ದಿನದ ನೀರು ಮೈಯಲ್ಲೇ ನಿಲ್ಲುತ್ತದೆ. ನೀರಿಗಿಂತ ಪೊಟ್ಯಾಸಿಯಂ ಇನ್ನೂ ಅಪಾಯ. ಅದು ಏರಿದರೆ ಎದೆಬಡಿತವೇ ನಿಲ್ಲಬಹುದು, ಮುನ್ಸೂಚನೆಯೂ ಸಿಗುವುದಿಲ್ಲ. ನಿಮ್ಮವರು ಉಳಿದದ್ದು ನೀವು ಒಂದು ಗಂಟೆ ರಾತ್ರಿಯಲ್ಲಿ ಫೋನ್ ಮಾಡಿದ್ದರಿಂದ. ಯಾರು ಏನೇ ಅಂದರೂ ಆ ಫೋನ್ ತಪ್ಪಲ್ಲ.

ಸಭೆಯವರು ನೋಡಲು ಬರುವಾಗ ಎಳನೀರು, ಬಾಳೆಹಣ್ಣು, ಮೂಸಂಬಿ ತರುತ್ತಾರೆ ಅಲ್ವಾ? ಪ್ರೀತಿಯಿಂದ ತರುತ್ತಾರೆ, ಪಾಪ. ಒಂದೂ ಕೊಡಬೇಡಿ. ಎಲ್ಲದರಲ್ಲೂ ಪೊಟ್ಯಾಸಿಯಂ ಜಾಸ್ತಿ. ನಮ್ಮ ವಾರ್ಡಿನಲ್ಲಿ ರೋಗಿಗಳನ್ನು ನೋಡಲು ಬಂದವರ ಎಳನೀರು ನಾವು ಸಿಸ್ಟರುಗಳೇ ಕುಡಿದು ಮುಗಿಸುತ್ತೇವೆ. ತರಕಾರಿ ಹೆಚ್ಚಿ, ಜಾಸ್ತಿ ನೀರಿನಲ್ಲಿ ಬೇಯಿಸಿ, ಆ ನೀರು ಬಸಿದು ಚೆಲ್ಲಿ. ಬಸ್ಸಾರು ಮಾಡುವ ನಮಗೆ ಆ ಕಟ್ಟು ಚೆಲ್ಲುವುದು ಅಂದರೆ ಹೊಟ್ಟೆ ಉರಿಯುತ್ತದೆ, ಆದರೂ ಚೆಲ್ಲಿ.

ನೀರಿನ ಲೆಕ್ಕಕ್ಕೆ ಒಂದು ಉಪಾಯ. ಬೆಳಿಗ್ಗೆ ಬಾಟಲಿಯಲ್ಲಿ 750 ಎಂಎಲ್ ತುಂಬಿ ಇಡಿ. ಅವರು ಟೀ ಕುಡಿದರೆ ಅಷ್ಟೇ ನೀರು ಬಾಟಲಿಯಿಂದ ಹೊರಗೆ ಚೆಲ್ಲಿ. ಬಾಟಲಿ ಖಾಲಿ ಅಂದರೆ ಇವತ್ತಿನದು ಮುಗಿಯಿತು. ಬರೆದುಕೊಳ್ಳುವುದಕ್ಕಿಂತ ಸುಲಭ. ದ್ರಾಕ್ಷಾರಸದ ಹದಿನೈದು ಎಂಎಲ್‌ಗೂ ಲೆಕ್ಕ ಇಡುವ ರೋಗಿಯನ್ನು ನಾನು ಇದುವರೆಗೆ ನೋಡಿಲ್ಲ. ಅವರಿಗೆ ನನ್ನ ಸೆಲ್ಯೂಟ್ ಹೇಳಿ.

ಬಿಪಿಎಲ್ ಕಾರ್ಡ್ ಇದ್ದರೆ ಜಿಲ್ಲಾ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಪುಕ್ಕಟೆ. ಅದಕ್ಕೆ ಕೇಂದ್ರದ ಯೋಜನೆ 2016ರಿಂದ ಇದೆ. ನೀವು ದುಡ್ಡು ಕಟ್ಟುತ್ತಿದ್ದರೆ ಒಮ್ಮೆ ವಿಚಾರಿಸಿ.

ಕೊನೆಗೆ ಒಂದು. ನಿಮ್ಮ ಪಾಸ್ಟರನ್ನು ಒಂದು ದಿನ ಒಳಗೆ ಕರೆದುಕೊಂಡು ಹೋಗಿ, ಅನುಮತಿ ಕೇಳಿ. ಫಿಸ್ಟುಲಾ ಮಾಡಿದ ಕೈ ಮೇಲೆ, ಅಂದರೆ ಡಯಾಲಿಸಿಸ್‌ಗಾಗಿ ರಕ್ತನಾಳ ಜೋಡಿಸಿದ ಜಾಗದ ಮೇಲೆ, ಪಾಸ್ಟರ ಬೆರಳು ಇಡಿಸಿ. ಒಳಗೆ ರಕ್ತ ಗುಯ್ ಅಂತ ಹರಿಯುವುದು ಬೆರಳಿಗೆ ತಿಳಿಯುತ್ತದೆ. ಒಂದು ಸಲ ಮುಟ್ಟಿ ನೋಡಿದವರು 'ಮಿಷನ್ ಬಿಡಿ' ಅಂತ ಸುಲಭವಾಗಿ ಹೇಳಲಾರರು.

ಉತ್ತರ 4: ಮೂಡಿಗೆರೆ ರೈಟ್ರು

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ. ನಾನು ಸ್ವಲ್ಪ ಅಡ್ಡ ಮಾತಾಡುತ್ತೇನೆ, ಅಕ್ಕ ಬೈಯಬಾರದು.

ನಾನು ಎಸ್ಟೇಟಿನಲ್ಲಿ ರೈಟ್ರು. ಹತ್ತು ವರ್ಷ ಕುಡಿದೆ. ಬಟವಾಡೆ ದಿನ ಆಳುಗಳಿಗೆ ದುಡ್ಡು ಕೊಟ್ಟು ಅವರ ಜೊತೆಗೇ ಕುಡಿಯಲು ಹೋಗುತ್ತಿದ್ದೆ. ಒಂದು ಸಂಜೆ ಇಂಥದ್ದೇ ಶೀಟಿನ ಹಾಲಿನಲ್ಲಿ, ಮಳೆಗೆ ನಿಂತುಕೊಂಡಿದ್ದಾಗ, ಒಬ್ಬ ಆಟೋ ಡ್ರೈವರ್ ಸಾಕ್ಷಿ ಹೇಳುತ್ತಿದ್ದ. ನನ್ನ ಕಥೆಯನ್ನೇ ಹೇಳುತ್ತಿದ್ದಾನೆ ಅನಿಸಿತು. ಅವತ್ತು ಬಿಟ್ಟೆ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಅವತ್ತು ಶುರುವಾಯಿತು. ಈಗ ಆರು ವರ್ಷ. ಸಾಕ್ಷಿ ಹೇಳುವುದನ್ನೇ ತಮಾಷೆ ಮಾಡಿದರೆ ನನ್ನಂಥವನಿಗೆ ಬಾಗಿಲು ಎಲ್ಲಿ? ರೋಗಿಗಾಗಿ ಪ್ರಾರ್ಥಿಸಿ, ಎಣ್ಣೆ ಹಚ್ಚಿ, ಕರ್ತನು ಎಬ್ಬಿಸುತ್ತಾನೆ ಅಂತ ಬೈಬಲಿನ ಯಾಕೋಬನ ಪತ್ರದಲ್ಲೇ ಇದೆಯಲ್ಲ. ಅದನ್ನು ಹರಿದು ಹಾಕಲು ಆಗುತ್ತದಾ? ಆ ಎಟಿಎಂ ಕಾರ್ಡಿನವರಿಗೂ ಅದೇ ದೊಡ್ಡ ವಿಷಯ ಇರಬಹುದು, ಅದರಲ್ಲಿ ಎಷ್ಟಿತ್ತೋ ಏನೋ.

ಆದರೆ ಆ ಹಿರಿಯರದು ತಪ್ಪು, ಒಪ್ಪುತ್ತೇನೆ. 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜಾರಿತು. ತೋಟ, ಗದ್ದೆ, ಮನೆ ಎಲ್ಲ ಮಣ್ಣಿನಡಿ. ನಮ್ಮ ಸಭೆಯಿಂದ ಅಕ್ಕಿ, ಕಂಬಳಿ ತಗೊಂಡು ಹೋಗಿದ್ದೆವು. ವಾಪಸ್ ಬಂದ ಭಾನುವಾರ ಒಬ್ಬರು ಎದ್ದು, ಅಲ್ಲಿನ ಜನರ ಪಾಪಕ್ಕೆ ಹಾಗಾಯಿತು ಅಂದುಬಿಟ್ಟರು. ನನ್ನ ಉಗುರಿನಲ್ಲಿ ಇನ್ನೂ ಅಲ್ಲಿನ ಮಣ್ಣಿತ್ತು. ಲೂಕನ ಸುವಾರ್ತೆ 13 ತೆಗೆದು ನೋಡಿ. ಸಿಲೊವಾಮಿನಲ್ಲಿ ಬುರುಜು ಬಿದ್ದು ಹದಿನೆಂಟು ಜನ ಸತ್ತರು. ಅವರು ಯೆರೂಸಲೇಮಿನ ಮಿಕ್ಕವರಿಗಿಂತ ದೊಡ್ಡ ಪಾಪಿಗಳು ಅಂದುಕೊಂಡಿರಾ ಅಂತ ಕೇಳಿ, ಅಲ್ಲ ಅಂದದ್ದು ಯೇಸುವೇ. ಹುಟ್ಟು ಕುರುಡನ ವಿಷಯದಲ್ಲೂ ಅದೇ. ಇವನು ಪಾಪ ಮಾಡಿದನೋ ಇವನ ಅಪ್ಪ ಅಮ್ಮನೋ ಅಂತ ಕೇಳಿದವರು ಶಿಷ್ಯರು. ಯಾರೂ ಅಲ್ಲ ಅಂತ ಅಲ್ಲೂ ಹೇಳಿದ. ನಾನು ಅವತ್ತು ಎದ್ದು ಹೊರಗೆ ಹೋದೆ. ಮುಂದಿನ ವಾರ ಮತ್ತೆ ಹೋದೆ. ಬೇರೆ ಎಲ್ಲಿಗೆ ಹೋಗಲಿ, ಬಾರಿಗಾ?

ಅದಕ್ಕೇ 'ಸಭೆ ಬದಲಾಯಿಸಿ ಮುಗೀತು' ಅಂದವರ ಮಾತು ನನಗೆ ಹಿಡಿಸಲಿಲ್ಲ. ಅಂಗಿ ಅಲ್ಲ ಅದು.

ಬಾಳ್ಳುಪೇಟೆ ಟೈಲರಮ್ಮ

ರೈಟ್ರೇ, ಬೈಯುವುದಿಲ್ಲ. ನಾನು ಸಾಕ್ಷಿಗಳನ್ನು ತಮಾಷೆ ಮಾಡಲಿಲ್ಲ. ಆ ಎಟಿಎಂ ಕಾರ್ಡಿನವರು ನಮ್ಮ ಬೀದಿಯ ವಿಧವೆ. ಅದರಲ್ಲಿ ಅವರ ಪಿಂಚಣಿ ಬರುತ್ತದೆ. ಅದು ಸಿಕ್ಕಿದ್ದಕ್ಕೆ ನನಗೂ ಖುಷಿಯಾಗಿತ್ತು, ನಾನೂ ಚಪ್ಪಾಳೆ ತಟ್ಟಿದ್ದೆ. ಬರೆಯುವಾಗ ಕಹಿ ಬಂದಿರಬೇಕು.

ಸಿಸ್ಟರ್, ಬಾಟಲಿ ಉಪಾಯ ಇವತ್ತೇ ಶುರು ಮಾಡಿದೆ. ಇವರು 'ಚೆಲ್ಲುವ ನೀರನ್ನು ಗುಲಾಬಿ ಗಿಡಕ್ಕೆ ಹಾಕು, ಅದಾದರೂ ಕುಡಿಯಲಿ' ಅಂದರು.

ಮೇಷ್ಟ್ರೇ, 'ನೀರು ಬಂತು' ಅನ್ನುವುದನ್ನು ನಾನು ಮೂರು ಸಲ ಓದಿದೆ. ನಮ್ಮ ಮನೆಗೂ ಹಾಗೇ ಬಂದದ್ದು.

ಉತ್ತರ 5: ಅಯ್ಯನವರ ಮಗಳು

ತಡವಾಗಿ ನೋಡಿದೆ. ಅಕ್ಕ, ನೀವು ಹೇಳುವ ಹಳೇ ಸಭೆಯಂಥದ್ದರಲ್ಲೇ ನನ್ನ ತಂದೆ ಅಯ್ಯನವರಾಗಿದ್ದರು. ಸಕಲೇಶಪುರ, ಬೇಲೂರು ಕಡೆಯೆಲ್ಲ ಓಡಾಡಿದ್ದಾರೆ.

ಅವರಿಗೊಂದು ಅಭ್ಯಾಸ ಇತ್ತು. ರೋಗಿಯ ಮನೆಗೆ ಹೋದರೆ ಮೊದಲು 'ಮಾತ್ರೆ ತಗೊಂಡ್ರಾ?' ಅಂತ ಕೇಳುತ್ತಿದ್ದರು. ಇಲ್ಲ ಅಂದರೆ ತಗೊಳ್ಳುವವರೆಗೆ ಬೈಬಲ್ ತೆಗೆಯುತ್ತಿರಲಿಲ್ಲ. ನಾನು ಚಿಕ್ಕವಳಿದ್ದಾಗ ಅದೂ ಪ್ರಾರ್ಥನೆಯ ಒಂದು ಭಾಗ ಅಂದುಕೊಂಡಿದ್ದೆ.

ನೀವು ಕೇಳಿದ್ದು ವಾಸಿಯಾಗದವರಿಗೆ ಸಾಕ್ಷಿ ಇದೆಯಾ ಅಂತ. ಬೈಬಲಿನಲ್ಲಿ ಅಪೊಸ್ತಲ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ, ಯಾರೂ ಓದದ ಜಾಗದಲ್ಲಿ, ಒಂದು ಸಾಲಿದೆ. ತ್ರೊಫಿಮನು ಅಸ್ವಸ್ಥನಾಗಿದ್ದ, ಅವನನ್ನು ಮಿಲೇತದಲ್ಲಿ ಬಿಟ್ಟು ಬಂದೆ ಅಂತ. ಅಷ್ಟೇ. ಎಷ್ಟೋ ಜನರನ್ನು ವಾಸಿ ಮಾಡಿದ ಪೌಲನ ಜೊತೆಗಾರ ಅವನು. ಅವನಿಗೆ ನಂಬಿಕೆ ಸಾಲಲಿಲ್ಲ ಅಂತ ಪೌಲ ಬರೆಯಲಿಲ್ಲ. ಆಮೇಲೆ ವಾಸಿಯಾಯಿತಾ, ಅದೂ ಇಲ್ಲ. ನಮ್ಮ ತಂದೆ ಈ ಸಾಲಿನ ಮೇಲೆ ಒಂದು ಪೂರ್ತಿ ಪ್ರಸಂಗ ಮಾಡಿದ್ದರು. ಪೌಲನಿಗೇ ಮೈಯಲ್ಲಿ ಮುಳ್ಳಿತ್ತು, ತೆಗೆ ಅಂತ ಮೂರು ಸಲ ಬೇಡಿಕೊಂಡ, ತೆಗೆಯಲಿಲ್ಲ. ತಿಮೊಥೆಯನಿಗೆ ಹೊಟ್ಟೆನೋವು, ಅವನಿಗೆ ಹೇಳಿದ್ದು ಸ್ವಲ್ಪ ದ್ರಾಕ್ಷಾರಸ ತಗೋ ಅಂತ. ಅಂದರೆ ಔಷಧಿ ಬರೆದುಕೊಟ್ಟ ಹಾಗೆ.

ಕೀರ್ತನೆ 88 ಓದಿ, ಇವತ್ತೇ ಓದಿ. ಬೇರೆ ಅಳುವ ಕೀರ್ತನೆಗಳಲ್ಲಿ ಸಾಮಾನ್ಯವಾಗಿ ಕೊನೆಗೆ ಎಲ್ಲೋ ಒಂದು ಕಡೆ ಸ್ತೋತ್ರ ಬರುತ್ತದೆ. ಇದರಲ್ಲಿ ಬರುವುದಿಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಬರೆದವರ ಕೈಯಿಂದ ಯಾರೂ ಮೈಕು ತಗೊಳ್ಳಲಿಲ್ಲ, ಹಾಗೇ ಗ್ರಂಥದಲ್ಲಿ ಉಳಿಸಿದರು.

ಮತ್ತೆ ಯೋಬನ ಸ್ನೇಹಿತರು. ಬೈಬಲಿನಲ್ಲಿ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡವನು ಯೋಬ. ಜನ ಅವರನ್ನು ಸುಮ್ಮನೆ ಬೈಯುತ್ತಾರೆ. ಮೊದಲ ಏಳು ದಿನ ಏಳು ರಾತ್ರಿ ಅವರು ನೆಲದ ಮೇಲೆ ಅವನ ಜೊತೆ ಮಾತಿಲ್ಲದೆ ಕೂತಿದ್ದರು. ಅಲ್ಲಿಯವರೆಗೆ ಸರಿಯಾಗೇ ಇದ್ದರು. ಬಾಯಿ ತೆಗೆದ ಮೇಲೆ ಕೆಟ್ಟಿತು. ಕೊನೇ ಅಧ್ಯಾಯದಲ್ಲಿ ದೇವರಿಗೆ ಸಿಟ್ಟು ಬಂದದ್ದು ಕೂಗಾಡಿದ ಯೋಬನ ಮೇಲಲ್ಲ. ದೇವರ ಪರವಾಗಿ ವಕೀಲಿಕೆ ಮಾಡಿದ ಈ ಸ್ನೇಹಿತರ ಮೇಲೆ. ನಿಮ್ಮ ಪಾಸ್ಟರ್ ಆ ರಾತ್ರಿ ವಾರ್ಡಿನ ಹೊರಗೆ ಮಾತಾಡದೆ ನಿಂತಿದ್ದರು ಅಂದಿರಿ. ಅವರ ಹತ್ತಿರ ಒಂದು ಸಲ ನೇರವಾಗಿ ಮಾತಾಡಿ. ಸಿಟ್ಟಿದ್ದರೆ ಸಿಟ್ಟಿನಿಂದಲೇ ಮಾತಾಡಿ. ಹಿರಿಯರನ್ನು ಬಿಡಿ, ಅವರಿಗೆ ಇನ್ನೂ ಏನೂ ಆಗಿಲ್ಲ ಅಂತ ಕಾಣುತ್ತದೆ.

ನನ್ನ ತಂದೆಗೆ ಕೊನೆಗೆ ಪಾರ್ಕಿನ್ಸನ್ ಬಂತು. ಆಶೀರ್ವಾದ ಕೊಡಲು ಎತ್ತಿದ ಕೈ ನಡುಗುತ್ತಿತ್ತು. ಮಕ್ಕಳು ನಗುತ್ತಿದ್ದರು. ಅವರೂ ನಗುತ್ತಿದ್ದರು.

ಬಾಳ್ಳುಪೇಟೆ ಟೈಲರಮ್ಮ

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಅದೇ ಬೆಂಚಲ್ಲ, ಇವತ್ತು ಮನೆಯಲ್ಲಿದ್ದೇನೆ. ಯಾಕೆ ಅಂತ ಹೇಳುತ್ತೇನೆ.

ಪಾಸ್ಟರ್ ಹತ್ತಿರ ಮಾತಾಡಿದೆ. ಅವರ ಮನೆಗೆ ಹೋಗಿ, ಅವರ ಹೆಂಡತಿಯ ಎದುರಿಗೇ. ಯೋಚಿಸಿಕೊಂಡು ಹೋದದ್ದು ಒಂದೂ ಬಾಯಿಗೆ ಬರಲಿಲ್ಲ. 'ಅವತ್ತು ಇವರು ಸತ್ತಿದ್ದರೆ ನೀವು ಏನು ಪ್ರಸಂಗ ಮಾಡುತ್ತಿದ್ದಿರಿ' ಅಂತ ಕೇಳಿದೆ. ಅವರು ತುಂಬ ಹೊತ್ತು ತಲೆ ತಗ್ಗಿಸಿ ಕೂತಿದ್ದರು. ಆಮೇಲೆ, 'ಅದನ್ನೇ ಆ ರಾತ್ರಿಯೆಲ್ಲ ಯೋಚಿಸಿದೆ, ಗೊತ್ತಾಗಲಿಲ್ಲ' ಅಂದರು. ಆ ಹೊರಗಿನವರನ್ನು ಮತ್ತೆ ಕರೆಸುವುದಿಲ್ಲ ಅಂದರು. ಮಿಷನ್ ಬಿಡಬೇಡಿ ಅಂತ ಭಾನುವಾರ ಎಲ್ಲರ ಎದುರಿಗೆ ಹೇಳುತ್ತೇನೆ ಅಂದರು. ಹೇಳಿದರು ಕೂಡ, ಆದರೆ ಸ್ವಲ್ಪ ಸಣ್ಣ ದನಿಯಲ್ಲಿ.

ಆ ಭಾನುವಾರ ನಾನೂ ಹೋಗಿದ್ದೆ. ತಿಂಗಳ ಕೊನೇ ಭಾನುವಾರ ಅಂತ ಹೋದ ಮೇಲೆ ನೆನಪಾಯಿತು. ಮೈಕು ನಮ್ಮ ಬೆಂಚಿಗೆ ಬಂದಾಗ ನಾನು ಕೈ ಹಿಂದೆ ಎಳೆದುಕೊಂಡೆ. ಇವರು ತಗೊಂಡರು. ಇವರು ಸಭೆಯಲ್ಲಿ ಇದುವರೆಗೆ ಮೈಕು ಹಿಡಿದವರೇ ಅಲ್ಲ. ಎದ್ದು ನಿಲ್ಲುವುದಕ್ಕೇ ಒಂದು ನಿಮಿಷ ಹಿಡಿಯಿತು.

'ನಾನು ಇನ್ನೂ ರೋಗಿ' ಅಂದರು. 'ನಿನ್ನೆ ಮಿಷನ್ ಆದ ಮೇಲೆ 58 ಕೆಜಿ ಇದ್ದೆ. ಇವತ್ತು ಬೆಳಿಗ್ಗೆ 59. ಒಂದು ಕೆಜಿ ನೀರು. ಮಂಗಳವಾರ ತೆಗೆಸುತ್ತೇನೆ. ಆರು ಗಂಟೆ ಬಸ್ಸಿಗೆ ಯಾರಾದರೂ ನನ್ನ ಜೊತೆ ಬಂದರೆ ಇವಳು ಒಂದು ದಿನ ಮಲಗುತ್ತಾಳೆ.' ಕೂತುಬಿಟ್ಟರು.

ಯಾರೂ ಹಲ್ಲೆಲೂಯ ಅನ್ನಲಿಲ್ಲ. ಕೀಬೋರ್ಡ್ ಹುಡುಗ ಕೈ ಎತ್ತಿಕೊಂಡು ಹಾಗೇ ಕೂತಿದ್ದ. ಯಾವ ಹಾಡು ಬಾರಿಸಬೇಕು ಅಂತ ಅವನಿಗೆ ತಿಳಿಯಲಿಲ್ಲ. ಶೀಟಿನ ಮೇಲೆ ಯಾವುದೋ ಹಕ್ಕಿ ಓಡಾಡುವ ಸದ್ದು ಕೇಳುತ್ತಿತ್ತು. ಆ ಹಿರಿಯರು ಏಳಲು ಹೋದರು. ಪಾಸ್ಟರ್ ಅವರ ಕಡೆ ನೋಡಿದರು. ಮತ್ತೆ ಕೂತರು.

ಮಂಗಳವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಬಾಗಿಲು ಬಡಿದ ಸದ್ದಾಯಿತು. ಆ ಕೀಬೋರ್ಡ್ ಹುಡುಗ. ತಲೆಗೆ ಟವೆಲ್ ಸುತ್ತಿಕೊಂಡು ಚಳಿಯಲ್ಲಿ ನಿಂತಿದ್ದ. ಕೈಯಲ್ಲಿ ಎರಡು ಎಳನೀರು. ಅವನಮ್ಮ ಕೊಟ್ಟು ಕಳಿಸಿದ್ದಂತೆ. ಇವರಿಗೆ ಆಗುವುದಿಲ್ಲ ಕಣೋ ಅಂದೆ. ಹಾಗಾದರೆ ನೀವು ಕುಡೀರಿ ಅಕ್ಕ ಅಂದ. ಇವರನ್ನು ಕರೆದುಕೊಂಡು ಹೋದ. ನಾಲ್ಕು ಗಂಟೆಯೂ ಫೋನು ನೋಡುತ್ತಾ ಕೂತಿದ್ದನಂತೆ.

ನಾನು ಎಳನೀರು ಕುಡಿದು ಹತ್ತು ಗಂಟೆವರೆಗೆ ಮಲಗಿದೆ.